ಕೂತ್ಕೋ ಮಿಸ್

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ನನಗೆ ಹೊಸದಲ್ಲ. ಹತ್ತಿದ ಬಸ್ಸಿನಿಂದ ಇಳಿದು, ಅರ್ಧ ಓಡಿ ಅರ್ಧ ನಡೆದು ಮನೆಗೆ ವಾಪಸ್ ಬಂದು ಒಲೆ ಮುಟ್ಟಿ ನೋಡಿದವಳು ನಾನು. ‘ಚಿಂತೆ ಇಲ್ದೇ ಇದ್ರೆ, ಯಾಕಪ್ಪಾ ಇವತ್ತು ಒಂದೂ ಇಲ್ಲ ಅಂತ ಚಿಂತೆ ಮಾಡ್ತೀಯ’ ಎಂದು ಇವರು ರೇಗಿಸುವುದೂ ಹೊಸದಲ್ಲ. ಆದರೆ ಆ ಕೆಲವು ದಿನ ನನ್ನ ತಲೆಯೊಳಗೆ ಉರಿಯುತ್ತಿದ್ದ ಒಲೆ ನಮ್ಮ ಮನೆಯದಲ್ಲ. ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಮಿಸ್ ಮನೆಯದು. ಶಾಲೆ ಬಿಟ್ಟ ಮೇಲೆ ನಾನು ಕೆಲಸದಿಂದ ಬರುವವರೆಗೂ ನನ್ನ ಮಗಳು ಇರುತ್ತಿದ್ದ ಮನೆ ಅದು. ಲ್ಯಾಬಿನ ಕೌಂಟರಿನಲ್ಲಿ ಕೂತು ಯಾರದೋ ರಕ್ತದ ರಿಪೋರ್ಟನ್ನು ಕವರಿಗೆ ಹಾಕುವಾಗಲೂ ಆ ನೀಲಿ ಉರಿ ಕಣ್ಣ ಮುಂದೆಯೇ ಇರುತ್ತಿತ್ತು. ಅದನ್ನು ನಿಲ್ಲಿಸಲು ನಾನು ಒಂದೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಿದರೆ ಆ ಮನೆಯೇ ಇರುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಕೈ ಬರುತ್ತಿರಲಿಲ್ಲ.

ಮಕ್ಕಳು ಅವರಿಗೆ ಇಟ್ಟ ಹೆಸರು ಕೂತ್ಕೋ ಮಿಸ್. ಬಾಗಿಲಿಗೆ ಯಾರೇ ಬರಲಿ, ಅವರ ಬಾಯಿಂದ ಬರುವ ಮೊದಲ ಮಾತು ‘ಮೊದ್ಲು ಕೂತ್ಕೋ’. ಕೊರಿಯರ್ ತಂದವನಿಗೂ ಅದೇ, ಕರೆಂಟಿನ ಮೀಟರ್ ನೋಡಲು ಬಂದವನಿಗೂ ಅದೇ. ಎಪ್ಪತ್ತರ ಹತ್ತಿರದ ಸಣಕಲು ಹೆಂಗಸು. ಬಟ್ಟೆಗೆ ಸದಾ ಸೀಮೆಸುಣ್ಣದ ಪುಡಿ, ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡ ಕನ್ನಡಕ. ಮುಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಕರಿಹಲಗೆ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಅಷ್ಟೇ.

ಮಗಳು ಆರನೇ ತರಗತಿಗೆ ಬಂದ ವರ್ಷ ನನಗೆ ಅವರ ಪರಿಚಯವಾದದ್ದು. ಐದನೆಯವರೆಗೆ ಶಾಲೆಯಲ್ಲೇ ಡೇ ಕೇರ್ ಇತ್ತು. ಆರಕ್ಕೆ ಬಂದರೆ ಮಕ್ಕಳು ದೊಡ್ಡವರಾದರು ಎಂದು ಶಾಲೆಯವರೇ ತೀರ್ಮಾನ ಮಾಡಿಬಿಟ್ಟಿದ್ದರು. ನಾವು ಅವಳ ಕೊರಳಿಗೆ ಬೀಗದ ಕೈ ಹಾಕಿದೆವು. ಬಂದು, ಬಾಗಿಲು ತೆಗೆದು, ಒಳಗಿನಿಂದ ಚಿಲಕ ಹಾಕಿ, ನನಗೊಂದು ಮಿಸ್ಡ್ ಕಾಲ್ ಕೊಡಬೇಕು. ಕೊಡುತ್ತಿದ್ದಳು. ಒಂದು ಸಂಜೆ ನಾನು ಬಂದಾಗ ಯೂನಿಫಾರ್ಮಿನಲ್ಲೇ, ಬ್ಯಾಗು ಬೆನ್ನ ಮೇಲೇ ಇಟ್ಟುಕೊಂಡು, ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದಳು. ದೀಪ ಹಾಕಿರಲಿಲ್ಲ.

‘ಯಾಕೆ ಪುಟ್ಟಿ?’

‘ಒಳಗೆ ಏನೋ ಸದ್ದಾಯ್ತು.’

ಫ್ರಿಜ್ಜಿನ ಸದ್ದು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ, ಕೇಳುವ ಧೈರ್ಯವಾಗಲಿಲ್ಲ.

ಅವಳ ತರಗತಿಯ ಗುಂಡನ ಅಮ್ಮ ಮಿಸ್ ಮನೆ ತೋರಿಸಿದರು. ಬಾಗಿಲಲ್ಲೇ ನಾನು ಶುರುಮಾಡಿದೆ: ‘ಮಿಸ್, ಇವಳು ಲೆಕ್ಕದಲ್ಲಿ ಸ್ವಲ್ಪ ವೀಕು, ಹಾಲು ಕುಡಿಯಲ್ಲ, ಧೂಳು ಅಂದ್ರೆ ಸೀನು, ಒಬ್ಳೇ ಇದ್ರೆ ಹೆದರ್ತಾಳೆ, ಆಮೇಲೆ—’

‘ಮೊದ್ಲು ಕೂತ್ಕೋಮ್ಮ.’

ಕೂತೆ. ಅವರು ಒಳಗೆ ಹೋಗಿ ಎರಡು ಲೋಟ ಟೀ ತಂದರು. ‘ಉಸಿರು ಬಿಡು. ಹಾಂ, ಈಗ ಹೇಳು.’

ಹೇಳಬೇಕಾದದ್ದು ಒಂದೂ ನೆನಪಾಗಲಿಲ್ಲ. ‘ನೋಡಿದ್ಯಾ, ಅಂಥದ್ದೇನೂ ಇರ್ಲೇ ಇಲ್ಲ’ ಎಂದು ನಕ್ಕರು. ಮಗಳು ಆಗಲೇ ಚಾಪೆಯ ಮೇಲೆ ಶೂ ಬಿಚ್ಚಿ ಕೂತಿದ್ದಳು.

ಆ ಮನೆಯ ಪದ್ಧತಿಯೇ ಬೇರೆ. ಬಂದ ಮಕ್ಕಳು ಮೊದಲು ಸುಮ್ಮನೆ ಕೂರಬೇಕು. ಹೋಂವರ್ಕ್ ಇಲ್ಲ, ಪ್ರಶ್ನೆ ಇಲ್ಲ, ಬೇಕಾದರೆ ಮಲಗಬಹುದು. ‘ಶಾಲೆ ಮೈಯಿಂದ ಇಳೀಬೇಕು, ಮಿಕ್ಕಿದ್ದೆಲ್ಲ ಆಮೇಲೆ’ ಎನ್ನುತ್ತಿದ್ದರು. ನಾನೋ, ಮಗಳು ಬ್ಯಾಗು ಇಳಿಸುವ ಮೊದಲೇ ಟೆಸ್ಟು ಹೇಗಾಯ್ತು, ಡಬ್ಬಿ ಖಾಲಿ ಮಾಡಿದ್ಯಾ, ಯಾರ ಪಕ್ಕ ಕೂತಿದ್ದೆ ಎಂದು ಪೊಲೀಸರ ಹಾಗೆ ವಿಚಾರಣೆಗೆ ಇಳಿಯುವವಳು. ಮಿಸ್ ಮನೆಯಲ್ಲಿ ಬ್ರೆಡ್ಡು ಹಾಲು ಆದ ಮೇಲೆ ಪ್ರತಿಯೊಬ್ಬರೂ ಆ ದಿನದ ಒಂದು ಸಂಗತಿ ಹೇಳಬೇಕು. ಮಾರ್ಕ್ಸಿನ ಸುದ್ದಿ ಮಾತ್ರ ಬೇಡ. ಸುಳ್ಳಾದರೂ ಪರವಾಗಿಲ್ಲ, ಚೆನ್ನಾಗಿರಬೇಕು. ಪಿಟೀಲು ಅಂತ ಒಬ್ಬ ಇದ್ದ, ಎಲ್ಲರಿಗಿಂತ ಚಿಕ್ಕವನು. ಬಾಯಿ ತೆರೆದರೆ ರಾಗ, ಅದಕ್ಕೇ ಆ ಹೆಸರು. ‘ಪಿ.ಟಿ. ಸರ್ ಶಿಳ್ಳೆ ನುಂಗಿಬಿಟ್ರು ಮಿಸ್, ಈಗ ಅವರು ಉಸಿರಾಡಿದ್ರೆ ನಾವೆಲ್ಲ ಲೈನಲ್ಲಿ ನಿಂತ್ಕೋತೀವಿ’ ಎಂದಿದ್ದನಂತೆ. ಮಗಳು ಮನೆಗೆ ಬಂದು ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಅವರ ಬದುಕಿನ ಕತೆಯನ್ನು ಮಿಸ್ ಒಟ್ಟಿಗೆ ಹೇಳಿದವರಲ್ಲ. ಮಗಳನ್ನು ಕರೆದೊಯ್ಯಲು ಹೋದಾಗ, ಟೀ ಲೋಟದ ಜೊತೆ ಒಂದೊಂದು ತುಣುಕು. ಏಳನೇ ತರಗತಿಯಲ್ಲಿದ್ದಾಗ ತಾಯಿ ತೀರಿಕೊಂಡರು. ತಮ್ಮ ಇನ್ನೂ ತೊದಲು ಮಾತಿನವನು. ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಮನೆಗೆ ಬರುವುದು ಯಾವಾಗಲೂ ಕತ್ತಲಾದ ಮೇಲೆ. ಶಾಲೆ ಬಿಟ್ಟೊಡನೆ ಈಕೆ ಪಕ್ಕದ ಮನೆಯಿಂದ ತಮ್ಮನನ್ನು ಎತ್ತಿಕೊಂಡು ಬಂದು, ಅಪ್ಪನ ದಾರಿ ನೋಡುತ್ತ ಹೊಸ್ತಿಲ ಮೇಲೆ ಕೂರುವುದು. ಒಳಗೆ ಹೋಗಲು ಹೆದರಿಕೆ. ‘ಈ ವಯಸ್ಸಿನವರನ್ನ ಯಾರೂ ನೋಡ್ಕೊಳ್ಳಲ್ಲಮ್ಮ’ ಎಂದರು ಒಮ್ಮೆ. ‘ಚಿಕ್ಕೋರಿಗೆ ಆಯಾ ಇರ್ತಾಳೆ. ದೊಡ್ಡೋರಿಗೆ ಫ್ರೆಂಡ್ಸ್ ಇರ್ತಾರೆ. ನಡುವಿನೋರಿಗೆ ಬೀಗದ ಕೈ.’

ಹುಡುಗಿಯರ ಶಾಲೆಯೊಂದರಲ್ಲಿ ಆರು, ಏಳು, ಎಂಟಕ್ಕೆ ಪಾಠ ಮಾಡುತ್ತಲೇ ಅವರ ವಯಸ್ಸು ಕಳೆಯಿತು. ಹೈಸ್ಕೂಲಿಗೆ ಬಡ್ತಿ ಕೊಡುತ್ತೇವೆಂದರೂ ಒಲ್ಲೆ ಎಂದರು. ತಮ್ಮನನ್ನು ಓದಿಸಿದರು. ಅವನಿಗೆ ಬೇರೆ ಊರಿನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸವಾಯಿತು, ಸಂಸಾರವಾಯಿತು. ‘ನೀವ್ಯಾಕೆ ಮಿಸ್ ಮದುವೆ ಆಗ್ಲಿಲ್ಲ?’ ಎಂದು ಪಿಟೀಲು ಕೇಳಿದ್ದಕ್ಕೆ, ‘ಎಲ್ರಿಗೂ ಕೂತ್ಕೋ ಅಂದೆ, ಯಾರೂ ಕೂರ್ಲಿಲ್ಲ ಕಣೋ’ ಎಂದರಂತೆ. ಆ ತಮ್ಮ ಒಮ್ಮೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ನಂಬರು ಕೊಟ್ಟಿದ್ದರು. ‘ಮೇಡಂ, ಅಕ್ಕ ತನಗೇನಾದ್ರೂ ನಂಗೆ ಹೇಳೋಳಲ್ಲ. ಬಾ ಅಂದ್ರೆ ಬರೋಳೂ ಅಲ್ಲ. ನೀವು ದಿನಾ ಬರ್ತೀರ. ಏನಾದ್ರೂ ಅನ್ನಿಸಿದ್ರೆ ಒಂದು ಮಾತು ಹೇಳಿ.’ ಆಗಲಿ ಎಂದಿದ್ದೆ.

ಮಗಳು ಏಳಕ್ಕೆ ಬಂದಳು. ಬೇಸಿಗೆ ರಜೆ ಕಳೆದ ಮೇಲೆ ಅವಳಲ್ಲಿ ಏನೋ ವ್ಯತ್ಯಾಸ. ಮಲಗುವ ಮುಂಚೆ ಅಡುಗೆಮನೆಗೆ ಹೋಗಿ ಗ್ಯಾಸಿನ ನಾಬ್ ಮುಟ್ಟಿ ಬರುತ್ತಿದ್ದಳು. ‘ನಿನ್ನ ಬುದ್ಧಿ ಅವಳಿಗೂ ಬಂತು, ಇನ್ನು ನಾನು ಕೆಟ್ಟೆ’ ಎಂದು ಇವರು ತಲೆ ಚಚ್ಚಿಕೊಂಡರು. ಭಾನುವಾರ ಬಂದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಒಂದು ಸಂಜೆ ಅಂಗಡಿಗೆ ಹೋದವಳು ವಾಪಸ್ ಬಂದು ಬಾಗಿಲಲ್ಲಿ ನಿಂತು, ‘ಅಮ್ಮಾ, ಇವತ್ತು ಬುಧವಾರ’ ಎಂದಳು.

‘ಗೊತ್ತು. ಅದಕ್ಕೇನೀಗ?’

ತಬ್ಬಿಬ್ಬಾದಳು. ‘ಏನಿಲ್ಲ, ಬಾಯಿಗೆ ಬಂತು’ ಎಂದು ಒಳಗೆ ಓಡಿದಳು. ನನ್ನ ತಲೆ ಸುಮ್ಮನಿರುತ್ತದೆಯೇ? ಬುಧವಾರ ಯಾರನ್ನಾದರೂ ಕಾಣಬೇಕಿತ್ತೇ? ಫೋನಿನಲ್ಲಿ ಯಾರಾದರೂ ಸಿಕ್ಕಿದ್ದಾರೆಯೇ? ಅವಳು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದೆ. ಜಿಗುಟು ಜಿಗುಟಾದ ಒಂದು ಮಿಠಾಯಿ ಬಿಟ್ಟರೆ ಏನೂ ಸಿಗಲಿಲ್ಲ.

ಅದಾದ ಮುಂದಿನ ವಾರ ಲ್ಯಾಬಿನ ಮಿಷನ್ ಕೆಟ್ಟು ನಮ್ಮನ್ನು ಬೇಗ ಬಿಟ್ಟರು. ನೇರ ಮಿಸ್ ಮನೆಗೆ ಹೋದೆ. ಮೆಟ್ಟಿಲಲ್ಲಿ ನನ್ನ ಮುಂದೆ ಪಿಟೀಲು ಹತ್ತುತ್ತಿದ್ದ, ಆಟ ಮುಗಿಸಿ ತಡವಾಗಿ ಬಂದಿದ್ದನೇನೋ. ನನ್ನನ್ನು ನೋಡಲಿಲ್ಲ. ಪರದೆ ಸರಿಸಿ ಒಳಗೆ ಕಾಲಿಟ್ಟವನೇ ಗಟ್ಟಿಯಾಗಿ ಕೂಗಿದ: ‘ಗುಡ್ ಈವ್ನಿಂಗ್ ಮಿಸ್, ಇವತ್ತು ಮಂಗಳವಾರ!’

ನಾನು ಪರದೆಯ ಆಚೆಯೇ ನಿಂತುಬಿಟ್ಟೆ. ಸಂದಿನಿಂದ ಒಳಗೆಲ್ಲ ಕಾಣುತ್ತಿತ್ತು.

‘ಲೇಟು’ ಎಂದಿತು ಒಂದು ದನಿ. ಎಂಟನೇ ತರಗತಿಯವಳು, ಎಲ್ಲರಿಗಿಂತ ದೊಡ್ಡವಳು. ಮಕ್ಕಳು ಲೀಡರಮ್ಮ ಎನ್ನುತ್ತಿದ್ದರು. ‘ಒಲೆ ಡ್ಯೂಟಿ ಇವತ್ತು ನಿಂದು. ಹೋಗು.’ ಪಿಟೀಲು ಮರುಮಾತಿಲ್ಲದೆ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕೂತ, ಕಾವಲುಗಾರನ ಹಾಗೆ. ಗುಂಡ ಮಾತ್ರೆಯ ಡಬ್ಬಿಯಿಂದ ಎರಡು ಮಾತ್ರೆ ತೆಗೆದು ಮಿಸ್ ಕೈಗೆ ಹಾಕಿ, ನುಂಗುವವರೆಗೂ ಅವರ ಗಂಟಲನ್ನೇ ನೋಡುತ್ತಿದ್ದ. ಮಿಸ್ ಕುರ್ಚಿಯಲ್ಲಿ ಕೂತು ನನ್ನ ಮಗಳ ಮುಖ ದಿಟ್ಟಿಸುತ್ತಿದ್ದರು.

‘ನೀನ್ಯಾರಮ್ಮ? ಹೊಸಬಳಾ?’

‘ಹೌದು ಮಿಸ್, ಇವತ್ತೇ ಸೇರಿದೆ’ ಎಂದಳು ಮಗಳು, ಒಂದಿಷ್ಟೂ ತಡವರಿಸದೆ.

‘ಮೊದ್ಲು ಕೂತ್ಕೋ.’

ಕೂತೇ ಇದ್ದವಳು ಎದ್ದು ಇನ್ನೊಮ್ಮೆ ಕೂತಳು.

ಆಮೇಲೆ ಪಾಠ. ‘ಮಳೆ ಎಲ್ಲಿಂದ ಬರುತ್ತೆ, ಯಾರು ಹೇಳ್ತೀರ?’ ಗುಂಡ ಕೈ ಎತ್ತಿದ. ಅವನು ತರಗತಿಗೇ ಮೊದಲಿಗ. ‘ಮೋಡ ಮೋಡ ಡಿಕ್ಕಿ ಹೊಡೆದಾಗ ಒಳಗಿನ ಟ್ಯಾಂಕಿ ಒಡೆಯುತ್ತೆ ಮಿಸ್.’

‘ತಪ್ಪು!’ ಮಿಸ್ ಮುಖ ಅರಳಿತು. ಎದ್ದು ನಿಂತರು. ಸೀಮೆಸುಣ್ಣ ಹಿಡಿದ ಕೈ ಒಂದಿಷ್ಟೂ ನಡುಗಲಿಲ್ಲ. ಸಮುದ್ರ ಬರೆದರು, ಸೂರ್ಯನನ್ನು ಬರೆದರು, ಮೇಲೇಳುವ ಆವಿಗೆ ಬಾಣದ ಗುರುತು, ಮೋಡ, ಬೆಟ್ಟ, ಇಳಿದು ಬರುವ ನದಿ. ಮಾತು ಎಲ್ಲೂ ತಡೆಯಲಿಲ್ಲ. ಮಕ್ಕಳು ಮೊದಲ ಸಲ ಕೇಳುತ್ತಿರುವವರ ಹಾಗೆ ಬಾಯಿ ಬಿಟ್ಟುಕೊಂಡು ಕೇಳಿದರು. ಅಷ್ಟು ದಿನವೂ ಅದೇ ಪಾಠ ನಡೆಯುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅವರಿಗೆ ಉಳಿದಿದ್ದದ್ದು ಅದೊಂದೇ. ದಿನಕ್ಕೊಬ್ಬರು ಸರದಿಯಲ್ಲಿ ತಪ್ಪು ಉತ್ತರ ಹೇಳುವುದು, ಮಿಸ್ ತಿದ್ದುವುದು.

ನಾನು ಒಳಗೆ ಹೋಗಲಿಲ್ಲ. ಕೆಳಗಿಳಿದು ಔಷಧಿ ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದು, ಎಂದಿನ ಹೊತ್ತಿಗೆ ಹೋಗಿ ಮಗಳನ್ನು ಕರೆದೆ. ದಾರಿಯಲ್ಲಿ ಕೇಳಿದೆ.

‘ಯಾವಾಗಿಂದ?’

ಅವಳಿಗೆ ಅರ್ಥವಾಯಿತು. ‘ರಜಾ ಮುಗಿದಾಗಿಂದ.’

‘ಗುಂಡನ ಕೈ ಮೇಲೆ ಬೊಬ್ಬೆ ಬಂದಿತ್ತಲ್ಲ. ಬೈಕಿನ ಸೈಲೆನ್ಸರ್ ತಗುಲಿದ್ದು ಅಂತ ಅವನಮ್ಮ ಹೇಳಿದ್ರು.’

‘ಹಾಲಿಟ್ಟು ಮರೆತಿದ್ರು. ಪಕ್ಕದಲ್ಲಿ ಒರೆಸೋ ಬಟ್ಟೆ ಇತ್ತು. ಲೀಡರಮ್ಮ ಬಕೆಟ್ ಸುರಿದ್ಲು. ಪೂರ್ತಿ ಆರಿಹೋಯ್ತಮ್ಮ, ನಿಜ. ಈಗ ಡ್ಯೂಟಿ ಹಾಕ್ಕೊಂಡಿದೀವಿ. ಬರೋವಾಗ ಸಿಲಿಂಡರೇ ಆಫ್ ಮಾಡಿ ಬರ್ತೀವಿ. ರಾತ್ರಿಗೆ ಬ್ರೆಡ್ ಇಡ್ತೀವಿ.’

‘ಬೆಳಿಗ್ಗೆ ಅವರೇ ಆನ್ ಮಾಡ್ಕೊಂಡ್ರೆ? ಭಾನುವಾರ?’

ಅವಳು ರಸ್ತೆಯಲ್ಲೇ ನಿಂತು ಅಳತೊಡಗಿದಳು. ‘ಹೇಳ್ಬೇಡಮ್ಮ. ಹೇಳಿದ್ರೆ ಅವರ ತಮ್ಮ ಕರ್ಕೊಂಡು ಹೋಗ್ತಾರೆ. ಅಲ್ಲಿ ಮಿಸ್‌ಗೆ ಯಾರೂ ತಪ್ಪು ಉತ್ತರ ಹೇಳಲ್ಲ.’ ಬಿಕ್ಕಳಿಕೆ ತಡೆದುಕೊಂಡು ಅಂದಳು: ‘ನಾವೆಲ್ಲಿ ಹೋಗೋದು? ನಂಗೆ ಆ ಕೀ ಬೇಡ.’

‘ಫೋನ್ ಮಾಡು’ ಎಂದರು ಇವರು, ರಾತ್ರಿ ಎಲ್ಲ ಕೇಳಿದ ಮೇಲೆ. ‘ಬೆಂಕಿ ಜೊತೆ ಆಟ ಅಲ್ಲ ಇದು.’

‘ನೀವೇ ಮಾಡ್ರಿ.’

‘ನಂಬರ್ ಕೊಟ್ಟಿದ್ದು ನಿಂಗೆ.’

ಮಾಡಲಿಲ್ಲ. ಅದರ ಬದಲು ನನಗೊಂದು ಉಪಾಯ ಹೊಳೆಯಿತು. ನನ್ನಂಥವರಿಗೆ ಉಪಾಯಕ್ಕೇನು ಬರ. ಗ್ಯಾಸೇ ಬೇಡದಂತೆ ಕರೆಂಟಿನ ಕೆಟಲ್ ಒಂದು ಕೊಂಡೆ. ಭಾನುವಾರ ಬೆಳಿಗ್ಗೆ ತೆಗೆದುಕೊಂಡು ಹೋಗಿ ಪ್ಲಗ್ಗಿಗೆ ಹಾಕಿ, ಹೀಗೆ ಒತ್ತಿದರೆ ಕಾಯುತ್ತದೆ, ಅದೇ ಆಫ್ ಆಗುತ್ತದೆ ಎಂದು ಮತ್ತೆ ಮತ್ತೆ ತೋರಿಸಿದೆ. ಮಿಸ್ ಅಂದು ಗೆಲುವಾಗಿದ್ದರು. ನನ್ನನ್ನು ಗುರುತಿಸಿದರು, ಮಗಳ ಸೀನು ಹೇಗಿದೆ ಎಂದೂ ಕೇಳಿದರು. ನನ್ನ ಜೀವ ತುಸು ಹಗುರಾಯಿತು. ಆಗ ಅವರೇ ಅಂದರು:

‘ಮಕ್ಕಳು ಬೇಕಂತ್ಲೇ ತಪ್ಪು ಹೇಳ್ತಾರೆ, ಗೊತ್ತು ನಂಗೆ.’

ನಾನು ಕೆಟಲ್ಲಿನ ಪ್ಲಗ್ ತೆಗೆದು ಅವರತ್ತ ತಿರುಗಿದೆ.

‘ಇಷ್ಟು ವರ್ಷ ಪಾಠ ಮಾಡಿದೋಳಿಗೆ ನಿಜವಾದ ತಪ್ಪು ಯಾವುದು, ಸುಳ್ಳು ತಪ್ಪು ಯಾವುದು ಗೊತ್ತಾಗಲ್ವೇನಮ್ಮ? ಆ ಗುಂಡ ಇದಾನಲ್ಲ, ಸುಳ್ಳು ತಪ್ಪು ಹೇಳೋವಾಗ ಕಿವಿ ಕೆಂಪಗಾಗುತ್ತೆ.’ ನಕ್ಕರು. ಆಮೇಲೆ ನಗು ನಿಂತಿತು. ‘ಬೆಳಿಗ್ಗೆ ಎದ್ದಾಗ ಅಂದ್ಕೋತೀನಿ, ಇವತ್ತು ಹೇಳ್ಬಿಡ್ಬೇಕು, ಇನ್ಮೇಲೆ ಬರಬೇಡಿ ಮಕ್ಕಳೇ ಅಂತ. ತಮ್ಮನಿಗೂ ಫೋನ್ ಮಾಡ್ಬೇಕು. ಸಾಯಂಕಾಲ ಅವರು ಬರೋಷ್ಟರಲ್ಲಿ ಮರೆತಿರ್ತೀನಿ.’

‘ಈಗ ನೆನಪಿದೆಯಲ್ಲ ಮಿಸ್. ಈಗಲೇ ಮಾಡೋಣ, ನಾನು ಹಚ್ಚಿ ಕೊಡ್ತೀನಿ.’ ಬ್ಯಾಗಿನಿಂದ ಫೋನು ತೆಗೆದೆ. ನಂಬರು ಹುಡುಕಿದೆ. ಅವರತ್ತ ಚಾಚಿದೆ.

ಅವರು ಫೋನನ್ನು ನೋಡಿದರು. ನನ್ನನ್ನು ನೋಡಿದರು. ದೀಪದ ಬತ್ತಿ ಇಳಿಸಿದ ಹಾಗೆ ಅವರ ಕಣ್ಣಿನಿಂದ ಏನೋ ಇಳಿದುಹೋಯಿತು. ‘ಯಾರಿಗೆ?’ ಎಂದರು. ಮತ್ತೆ, ಬಹಳ ಮರ್ಯಾದೆಯಿಂದ: ‘ನೀವು ಯಾವ ಮಗುವಿನ ತಾಯಿ? ನಿಂತೇ ಇದೀರಲ್ಲ. ಮೊದ್ಲು ಕೂತ್ಕೊಳ್ಳಿ.’

ಫೋನನ್ನು ಬ್ಯಾಗಿಗೆ ಹಾಕಿಕೊಂಡು ಕೂತೆ. ಅವರು ಟೀ ಮಾಡಲು ಏಳದಿರಲಿ ಎಂದು ಅವರ ಕೈ ಹಿಡಿದುಕೊಂಡೇ ಕೂತಿದ್ದೆ.

ಮರುದಿನ ಸಂಜೆ ಮಿಸ್ ಮನೆಯ ಮೆಟ್ಟಿಲ ಕೆಳಗೆ ಮಗಳು ನನಗಾಗಿ ಕಾದು ನಿಂತಿದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ. ಹತ್ತಿರ ಹೋದಾಗ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಒಳಗೆ ನಾನು ಕೊಟ್ಟ ಕೆಟಲ್. ಬುಡವೇ ಇರಲಿಲ್ಲ. ಕರಗಿ, ಹೆಪ್ಪುಗಟ್ಟಿ, ಕರ್ರಗೆ ಸೊಟ್ಟಗಾಗಿತ್ತು. ಮಿಸ್ ಅದನ್ನು ಗ್ಯಾಸಿನ ಮೇಲೆ ಇಟ್ಟಿದ್ದರು.

‘ಬೈಬೇಡಮ್ಮ’ ಎಂದಳು. ‘ಲೀಡರಮ್ಮ, ಗುಂಡ ಮೇಲೇ ಇದಾರೆ. ಕಿಟಕಿ ಎಲ್ಲ ತೆಗೆದಿದೀವಿ. ನಾವು ಹೋದಾಗ ಮನೆ ತುಂಬಾ ಹೊಗೆ. ಮಿಸ್ ಕುರ್ಚಿ ಮೇಲಿರ್ಲಿಲ್ಲ. ಬಾಗಿಲ ಹತ್ರ, ಹೊಸ್ತಿಲ ಮೇಲೆ ಕೂತಿದ್ರು, ಕೆಮ್ತಾ. ನನ್ನ ನೋಡಿ, ಅಪ್ಪ ಬಂದ್ರಾ ಅಂತ ಕೇಳಿದ್ರು.’

‘ನೀನೇನಂದೆ?’

‘ಬರ್ತಾರೆ ಮಿಸ್ ಅಂದೆ.’ ನನ್ನ ಮುಖ ನೋಡಿದಳು. ‘ತಪ್ಪಾಯ್ತಾ?’

ಇಲ್ಲ ಎಂದೆ. ಆಮೇಲೆ ಅವಳು ‘ಹೇಳ್ಬೇಡ’ ಎನ್ನಲಿಲ್ಲ. ಎಂದಿದ್ದರೆ ನಾನು ಇನ್ನೂ ಒಂದು ದಿನ ತಳ್ಳುತ್ತಿದ್ದೆನೋ ಏನೋ. ಅವಳು ಮೆಟ್ಟಿಲ ಮೇಲೆ ಬ್ಯಾಗು ಬೆನ್ನಿಗೇ ಇಟ್ಟುಕೊಂಡು ಕೂತಳು, ಹಿಂದೆ ನಮ್ಮ ಮನೆಯ ಬಾಗಿಲ ಹಿಂದೆ ಕೂತಿದ್ದಳಲ್ಲ, ಹಾಗೆಯೇ. ನಾನು ಚೀಲವನ್ನು ಗೋಡೆಗೆ ಒರಗಿಸಿ ಫೋನು ತೆಗೆದೆ.

ಎತ್ತದಿರಲಿ ಎಂದುಕೊಂಡೆ. ಕೂಡಲೇ ಎತ್ತಿದರು. ಹಿಂದೆ ಕಾರ್ಖಾನೆಯ ಗದ್ದಲ.

‘ಸರ್, ನಾನು ನಿಮ್ಮ ಅಕ್ಕನ ಮನೆಗೆ ಬರೋ ಹುಡುಗಿ ತಾಯಿ. ಮೆಟ್ಟಿಲ ಹತ್ರ ನಂಬರ್ ಕೊಟ್ಟಿದ್ರಿ.’

‘ಹೇಳಿ ಮೇಡಂ. ಅಕ್ಕ ಹುಷಾರಾಗಿದಾಳಾ?’

ಹೇಳಿದೆ. ವಾರ ನೆನಪಿಸುವುದು, ಮಾತ್ರೆ, ಬಟ್ಟೆಗೆ ಬೆಂಕಿ ಹತ್ತಿದ್ದು, ಇವತ್ತಿನ ಹೊಗೆ. ಒಂದೂ ಮರೆಯಲಿಲ್ಲ. ಆ ಕಡೆ ಗದ್ದಲ ಕಡಿಮೆಯಾಯಿತು, ಎಲ್ಲೋ ಆಚೆಗೆ ನಡೆದು ಹೋಗಿರಬೇಕು.

‘ಇವತ್ತು ರಾತ್ರಿ ಬಸ್ಸಿಗೆ ಹೊರಡ್ತೀನಿ’ ಎಂದರು. ‘ಬೆಳಿಗ್ಗೆ ಅವಳನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡ್ತೀನಿ. ಅಲ್ಲಿವರೆಗೂ ಅವಳ ಜೊತೆ ಯಾರಾದ್ರೂ—’

‘ನಾನಿರ್ತೀನಿ.’

‘ಮೇಡಂ, ನಾಳೆ ಸಾಯಂಕಾಲ ಆ ಮಕ್ಕಳು ಬರ್ತಾರಲ್ಲ. ಅವರಿಗೆ ನಾನು ಏನು ಹೇಳ್ಲಿ? ನೀವೇ ಹೇಳ್ತೀರಾ?’

ಮಗಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

‘ಹೇಳ್ತೀನಿ’ ಎಂದೆ.